ಡಬ್ಬಿಯ ಮೇಲಿನ ವೇಗ

ಸಿನಿಮಾ ಕಲಿಯಲು ಹೊರಟ ಮಕ್ಕಳು ಲೆನ್ಸಿನ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲರು. ತೆಗೆದ ದೃಶ್ಯ ಹೋಗಿ ಕೂರುವ ಡ್ರೈವ್ ಕೊಳ್ಳುವಾಗ ಮಾತ್ರ ಅಂಗಡಿಯವನನ್ನು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಜಿ.ಬಿ., ಎಷ್ಟು ರೂಪಾಯಿ? ಹಣ ಕೊಡುವ ಅಪ್ಪನಿಗೂ ಅಷ್ಟು ತಿಳಿದರೆ ಸಾಕು. ಅಷ್ಟೇ ಜಿ.ಬಿ.ಯದು ಕಡಿಮೆ ಬೆಲೆಗೆ ಸಿಗುವಾಗ ದುಬಾರಿಯದು ಏಕೆ ಎಂಬ ಅವರ ವಾದದಲ್ಲಿ ತಪ್ಪೇನೂ ಕಾಣದು.

2012ರಲ್ಲಿ ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ತನ್ನ ಮೊದಲ ಸಿನಿಮಾ ಕ್ಯಾಮೆರಾವನ್ನು ತಂದಿತು. ಕಂಪ್ಯೂಟರಿಗೆ ಹಾಕುವ ಎರಡೂವರೆ ಇಂಚಿನ ಎಸ್‌ಎಸ್‌ಡಿಯೇ ಅದಕ್ಕೂ ಹೊಂದುತ್ತಿತ್ತು. 2018ರ ಪಾಕೆಟ್ 4ಕೆ ಮಾದರಿಗೆ ಯುಎಸ್‌ಬಿ-ಸಿ ಕೇಬಲ್ಲಿನ ಮೂಲಕ ಹೊರಗಿನ ಡ್ರೈವನ್ನೇ ಜೋಡಿಸಬಹುದು. ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಜೋಡಿಸಲು ಬರುವ ಡ್ರೈವ್‌ಗಳೆಲ್ಲ ಕೆಲಸಕ್ಕೆ ಬರುವುದಿಲ್ಲ. ಏಕೆಂಬುದಕ್ಕೆ ಪ್ರೌಢಶಾಲೆಯ ಗುಣಾಕಾರ ಸಾಕು.

4096ನ್ನು 2160ರಿಂದ ಗುಣಿಸಿದರೆ ಒಂದು ಚೌಕಟ್ಟಿನಲ್ಲಿ 88,47,360 ಬಿಂದುಗಳು. ಬಿಂದುವೊಂದಕ್ಕೆ 12 ಬಿಟ್‌ನಂತೆ ಒಂದು ಚೌಕಟ್ಟು ಸುಮಾರು 13 ಮೆಗಾಬೈಟ್. ಸೆಕೆಂಡಿಗೆ 24 ಚೌಕಟ್ಟು ಎಂದರೆ ಸುಮಾರು 318 ಮೆಗಾಬೈಟ್. ಕ್ಯಾಮೆರಾ ಅದನ್ನು ಮೂರನೆಯ ಒಂದು ಭಾಗಕ್ಕೆ ಕುಗ್ಗಿಸಿದರೂ ಪ್ರತಿ ಸೆಕೆಂಡಿಗೆ 106 ಮೆಗಾಬೈಟ್ ಬರೆಯಲೇಬೇಕು.

ಡಬ್ಬಿಯ ಮೇಲೆ 500ಕ್ಕೂ ಹೆಚ್ಚು ಎಂದು ಅಚ್ಚಾಗಿರುತ್ತದಲ್ಲ ಎನ್ನಬಹುದು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸುಗ್ಗಿಯಲ್ಲಿ ಗಾಡಿಯಿಂದ ಇಳಿಸಿದ ಮೂಟೆಗಳನ್ನು ಮೊದಲು ಜಗಲಿಯ ಮೇಲೆ ಒಟ್ಟಿ, ಆಮೇಲೆ ಒಳಗೆ ಸಾಗಿಸುತ್ತಾರೆ. ಡ್ರೈವ್‌ನಲ್ಲೂ ಅಂಥದೊಂದು ವೇಗದ ಜಗಲಿಯಿದೆ. ಅಚ್ಚಾದದ್ದು ಅದರ ವೇಗ. ಜಗಲಿ ತುಂಬಿದ ಮೇಲೆ ಒಳಗಿನ ನಿಧಾನ ಬಯಲಾಗುತ್ತದೆ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಅಗ್ಗದ ಕೆಲವು ಡ್ರೈವ್‌ಗಳಲ್ಲಿ ಅದು 100ಕ್ಕೂ ಕೆಳಗೆ ಇಳಿಯುತ್ತದೆ.

ಕಂಪ್ಯೂಟರ್ ಆದರೆ ಕಾಯುತ್ತದೆ. ಫೈಲ್ ನಕಲಾಗಲು ಹತ್ತು ನಿಮಿಷ ಹೆಚ್ಚು ಹಿಡಿದರೆ ನಷ್ಟವಿಲ್ಲ. ಕ್ಯಾಮೆರಾ ಕಾಯಲಾರದು, ಎದುರಿನ ಬದುಕು ನಿಲ್ಲುವುದಿಲ್ಲವಲ್ಲ! ಚೌಕಟ್ಟುಗಳು ತಪ್ಪುತ್ತವೆ, ಇಲ್ಲವೆ ರೆಕಾರ್ಡಿಂಗೇ ನಿಲ್ಲುತ್ತದೆ. ಅಜ್ಜಿ ಮೈಮರೆತು ಸೋಬಾನೆ ಹಾಡುವಾಗ ಹಾಗಾದರೆ, 'ಅಜ್ಜಿ, ಇನ್ನೊಂದ್ಸಲ ಹಾಡಿ' ಎಂದು ಕೇಳಬಹುದು. ಅವರು ಹಾಡಲೂಬಹುದು. ಆದರೆ ಅದು ಮೊದಲಿನ ಹಾಡಾಗಿರುವುದಿಲ್ಲ. ಉಳಿಸಿದ ಸಾವಿರ ರೂಪಾಯಿ ಅದನ್ನು ತಂದುಕೊಡದು.

ಆದ್ದರಿಂದ ಕೊಳ್ಳುವ ಮೊದಲು ಕ್ಯಾಮೆರಾ ತಯಾರಕರು ಕೊಡುವ ಪಟ್ಟಿಯನ್ನು ನೋಡಬೇಕು. ಕಂಪನಿಯ ಹೆಸರು ಹೊಂದಿದರೆ ಸಾಲದು. ಮಾದರಿಯ ಸಂಖ್ಯೆ, ಜಿ.ಬಿ. ಎರಡೂ ಹೊಂದಬೇಕು. ಒಂದೇ ಮಾದರಿಯ ದೊಡ್ಡ ಡ್ರೈವ್ ಪಟ್ಟಿಯಲ್ಲಿದ್ದು, ಚಿಕ್ಕದು ಇಲ್ಲದಿರಬಹುದು. ಎಷ್ಟು ರೆಸಲ್ಯೂಷನ್, ಸೆಕೆಂಡಿಗೆ ಎಷ್ಟು ಚೌಕಟ್ಟು ಎಂಬುದೂ ಮುಖ್ಯ.

ತಂದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಚಿತ್ರೀಕರಣಕ್ಕೆ ಒಯ್ಯುವ ಕೇಬಲ್ಲನ್ನೇ ಸಿಕ್ಕಿಸಿ, ಪೂರ್ತಿ ತುಂಬುವವರೆಗೆ ಒಮ್ಮೆ ಓಡಿಸಬೇಕು. ಮೇಲಿನ ಲೆಕ್ಕದಂತೆ 500 ಜಿ.ಬಿ. ತುಂಬಲು ಸುಮಾರು 78 ನಿಮಿಷ ಬೇಕು. ಮಗಳು ಅಷ್ಟು ಹೊತ್ತು ತಿರುಗುವ ಫ್ಯಾನನ್ನೇ ಚಿತ್ರೀಕರಿಸುತ್ತ ಕುಳಿತರೆ ಅಪ್ಪ ಗದರಬಾರದು. ಅದು ಕಾಲಹರಣವಲ್ಲ, ಪ್ರಯೋಗ.