ಐದೂವರೆ ಗಂಟೆ, ಎರಡು ಕೊಪ್ಪರಿಗೆ

ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆವರೆಗೆ ನೀವು ಏನು ಮಾಡ್ತಿರ್ತೀರಿ? ನಮ್ಮಲ್ಲಿ ಬಹುತೇಕರ ಉತ್ತರ ಒಂದೇ: ನಿದ್ದೆ. ವೆಬ್‌ಸೈಟ್ ಕಟ್ಟುವವರು, ಅದನ್ನು ಟೆಸ್ಟ್ ಮಾಡುವವರು, ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರು ಎಲ್ಲರೂ ಮಲಗಿರುವ ಹೊತ್ತು ಅದು. ಆ ಹೊತ್ತಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ತಪ್ಪೊಂದಿದೆ. ಬೆಳಗ್ಗೆ ಹತ್ತಕ್ಕೆ ಲಾಗಿನ್ ಆಗಿ ಸಂಜೆ ಆರಕ್ಕೆ ಎದ್ದು ಹೋಗುವವರಿಗೆ ಅದು ಜನ್ಮದಲ್ಲಿ ಕಣ್ಣಿಗೆ ಬೀಳಲ್ಲ.

ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಿಂದ ಒಂದಷ್ಟು ಒಳಗೆ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಅಲ್ಲಿ ಕೆಲಸ ಶುರುವಾಗುವುದೇ ನಡುರಾತ್ರಿ. ಹನ್ನೆರಡೂವರೆಗೆ ಒಲೆ ಹತ್ತಿದರೆ ಮೂರರ ಹೊತ್ತಿಗೆ ಮೊದಲ ಕೊಪ್ಪರಿಗೆ ಇಳಿಯುತ್ತೆ, ಐದರ ಹೊತ್ತಿಗೆ ಎರಡನೆಯದು. ಆಮೇಲೆ ಹಗಲಿನವು. ಕೂಲಿ ಕೊಪ್ಪರಿಗೆ ಲೆಕ್ಕದಲ್ಲಿ: ಉರಿ ಹಾಕುವವರಿಗೆ ಇಷ್ಟು, ಪಾಕ ನೋಡುವವರಿಗೆ ಇಷ್ಟು, ಅಚ್ಚಿಗೆ ಹುಯ್ಯುವವರಿಗೆ ಇಷ್ಟು. ಈ ಲೆಕ್ಕಕ್ಕೆ ಅಂತ ಚಿಕ್ಕಪ್ಪ ಯಾರಿಂದಲೋ ಒಂದು ಚಿಕ್ಕ ವೆಬ್‌ಸೈಟ್ ಮಾಡಿಸಿಕೊಂಡಿದ್ದರು. ಕೊಪ್ಪರಿಗೆ ಇಳಿದ ಕೂಡಲೇ ಮೊಬೈಲಿನಲ್ಲಿ ಒಂದು ಬಟನ್ ಒತ್ತಬೇಕು, ಅಷ್ಟೇ. ಭಾನುವಾರದಿಂದ ಶನಿವಾರದವರೆಗೆ ಒಂದು ವಾರ. ಶನಿವಾರ ಸಂಜೆ ರಿಪೋರ್ಟ್ ತೆಗೆದು ಬಟವಾಡೆ.

ಒಲೆಗೆ ಕಬ್ಬಿನ ರಚ್ಚು ತಳ್ಳುವ ಅಕ್ಕ ಒಬ್ಬರಿದ್ದಾರೆ. ಅವರಿಗೆ ಮೊಬೈಲು ಬೇಡ. ಕೊಪ್ಪರಿಗೆ ಇಳಿದಾಗಲೆಲ್ಲ ಗೋಡೆ ಮೇಲೆ ಇದ್ದಿಲಲ್ಲಿ ಒಂದು ಗೀಟು. ಒಂದು ವಾರ ಅವರ ಗೋಡೆಯಲ್ಲಿ ಮೂವತ್ತು, ರಿಪೋರ್ಟಿನಲ್ಲಿ ಇಪ್ಪತ್ತೆಂಟು. ಮುಂದಿನ ವಾರವೂ ಎರಡು ಕಮ್ಮಿ. ಅದರ ಮುಂದಿನ ವಾರವೂ.

ಚಿಕ್ಕಪ್ಪ ಮೋಸಗಾರರೇನಲ್ಲ. ಅಕ್ಕನ ಎದುರೇ ಮೊಬೈಲ್ ತೆಗೆದು ತೋರಿಸಿದ್ದರಂತೆ: “ನೋಡವ್ವ, ಭಾನುವಾರ 3:04, ಇಲ್ಲೇ ಅದೆ. 5:10, ಅದೂ ಅದೆ. ಒಂದೂ ಬಿಟ್ಟಿಲ್ಲ.” ಸ್ಕ್ರೀನಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಹಾಗಾದರೆ ಗೋಡೆ ತಪ್ಪು. ಇದ್ದಿಲಿನ ಗೀಟಿಗೂ ಕಂಪ್ಯೂಟರ್ ರಿಪೋರ್ಟಿಗೂ ಜಗಳ ಬಿದ್ದರೆ ಯಾರು ಗೆಲ್ತಾರೆ ಅಂತ ಹೇಳಬೇಕಾಗಿಲ್ಲ. ನಾನು ಊರಿಗೆ ಹೋದಾಗ ಅಕ್ಕ ಕೇಳಿದ್ದು ಒಂದೇ ಮಾತು: “ವಾರ ವಾರ ಎರಡು ಕೊಪ್ಪರಿಗೆ ಕಮ್ಮಿ ಬತ್ತದ ಕನಪ್ಪ. ಉರಿ ಹಾಕಿದೋಳು ನಾನು. ಎಲ್ಲೋಯ್ತು ಅವು?”

ಇಂಥ ಕಡೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ: ತೋರಿಸುವ ಟೈಮು, ಇಟ್ಟಿರುವ ಟೈಮು, ಲೆಕ್ಕ ಹಾಕುವ ಟೈಮು, ಮೂರೂ ಒಂದೇನಾ? ಸ್ಕ್ರೀನನ್ನು ನಂಬದೆ ಡೇಟಾಬೇಸ್ ತೆರೆದು ನೋಡಿದೆ. ಭಾನುವಾರ 3:04ರ ಕೊಪ್ಪರಿಗೆ ಅಲ್ಲಿ ಶನಿವಾರ 21:34 ಅಂತ ಕೂತಿತ್ತು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಟೈಮು ಹತ್ತು ನಿಮಿಷ, ಹದಿನೇಳು ನಿಮಿಷ ಅಂತ ಆಚೀಚೆ ಆಗಿದ್ದರೆ ಸರ್ವರ್ ಗಡಿಯಾರವೇ ಕೆಟ್ಟಿದೆ ಅನ್ನಬಹುದು. ಐದೂವರೆ ಅಂದರೆ ಗಡಿಯಾರ ಸರಿಯಿದೆ, ಅದು ಯುಟಿಸಿ ಲೆಕ್ಕದಲ್ಲಿ ನಡೀತಿದೆ ಅಂತ ಅರ್ಥ.

ಯುಟಿಸಿ ಅಂದರೆ ಜಗತ್ತಿನ ಗಡಿಯಾರಗಳೆಲ್ಲ ಲೆಕ್ಕಕ್ಕೆ ಹಿಡಿಯುವ ಮೂಲ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಡೇಟಾಬೇಸ್‌ನಲ್ಲಿ ಯುಟಿಸಿ ಇಡುವುದು ತಪ್ಪಲ್ಲ, ಅದೇ ಒಳ್ಳೆಯ ಪದ್ಧತಿ. ಬ್ರೌಸರ್ ಅದಕ್ಕೆ ಐದೂವರೆ ಸೇರಿಸಿ ತೋರಿಸುತ್ತಿತ್ತು, ಅದೂ ಸರಿ. ಎಡವಟ್ಟಾಗಿದ್ದು ನಡುವೆ. ವಾರದ ರಿಪೋರ್ಟ್ ಮಾತ್ರ ಸೇರಿಸದೆ, ಯುಟಿಸಿ ತಾರೀಖಿನ ಮೇಲೆಯೇ ಕೂಡುತ್ತಿತ್ತು. ಸೋಮವಾರದ ನಸುಕಿನದು ಭಾನುವಾರಕ್ಕೆ, ಮಂಗಳವಾರದ್ದು ಸೋಮವಾರಕ್ಕೆ ಸರಿದರೂ ವಾರದ ಮೊತ್ತದಲ್ಲಿ ಗೊತ್ತಾಗಲ್ಲ. ಭಾನುವಾರ ನಸುಕಿನವು ಮಾತ್ರ ಹಿಂದಿನ ಶನಿವಾರಕ್ಕೆ, ಅಂದರೆ ಆಗಲೇ ಬಟವಾಡೆ ಮುಗಿದಿದ್ದ ವಾರಕ್ಕೆ ಹೋಗಿ ಬೀಳುತ್ತಿದ್ದವು. ಮುಗಿದ ವಾರದ ರಿಪೋರ್ಟನ್ನು ಮತ್ತೆ ಯಾರು ತೆಗೀತಾರೆ?

ಈ ಸೈಟ್ ಮಾಡಿದವರಿಗೆ ಚಿಕ್ಕಪ್ಪ ಒಮ್ಮೆ ಫೋನ್ ಮಾಡಿ ಹೇಳಿದ್ದರಂತೆ. ಅವರು ಡೇಟಾಬೇಸ್‌ಗೇ ಐದೂವರೆ ಗಂಟೆ ಸೇರಿಸಿಬಿಟ್ಟಿದ್ದರು. ಬ್ರೌಸರ್ ಅದರ ಮೇಲೆ ಇನ್ನೊಂದು ಐದೂವರೆ ಸೇರಿಸಿತು. ಮೂರು ಗಂಟೆಯ ಕೊಪ್ಪರಿಗೆ ಎಂಟೂವರೆಗೆ ಇಳಿದ ಹಾಗೆ ತೋರಿಸಿದ್ದಕ್ಕೆ ಎಲ್ಲರೂ ನಕ್ಕು, ಮೊದಲಿದ್ದ ಹಾಗೇ ಮಾಡಿಸಿ ಸುಮ್ಮನಾಗಿದ್ದರು. ಮೂಲ ಡೇಟಾ ಮುಟ್ಟಿ ಟೈಮ್ ಸರಿಮಾಡಲು ಹೊರಟರೆ ಆಗುವುದೇ ಇದು.

ನಾನು ರಿಪೋರ್ಟಿನ ಕ್ವೆರಿಯನ್ನಷ್ಟೇ ಬದಲಿಸಿದೆ: ಮೊದಲು ನಮ್ಮ ಸಮಯಕ್ಕೆ ತಿರುಗಿಸು, ಆಮೇಲೆ ತಾರೀಖು ನೋಡು. ಸಮಯವಲಯಕ್ಕೆ ‘ಏಷ್ಯಾ/ಕೋಲ್ಕತ್ತಾ’ ಅಂತ ಕೊಟ್ಟರೆ ಉತ್ತರ ಖಾಲಿ ಬಂತು. ಹಲವರು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್ ಅದು. ಮೈಎಸ್‌ಕ್ಯೂಎಲ್‌ಗೆ ಊರಿನ ಹೆಸರಿನ ವಲಯಗಳ ಪಟ್ಟಿಯನ್ನು ಬೇರೆಯಾಗಿ ತುಂಬಿಸಬೇಕು, ಅಲ್ಲಿ ತುಂಬಿಸಿರಲಿಲ್ಲ. ಕೊನೆಗೆ ಪ್ಲಸ್ 05:30 ಅಂತ ನೇರ ಬರೆದೆ. ಆಮೇಲೆ ಪರೀಕ್ಷೆ: ನಸುಕಿನಲ್ಲಿ ಎದ್ದು 5:25ಕ್ಕೊಂದು, 5:35ಕ್ಕೊಂದು ಎಂಟ್ರಿ. ಎರಡೂ ಒಂದೇ ದಿನಕ್ಕೆ ಬಂದವು.

ನಮಗೆ ಯಾಕೆ ಕೋಲ್ಕತ್ತಾ ಅಂತ ಚಿಕ್ಕಪ್ಪ ಕೇಳಿದರು. ಕಂಪ್ಯೂಟರುಗಳೆಲ್ಲ ನೆಚ್ಚಿಕೊಂಡಿರುವ ಸಮಯವಲಯಗಳ ಪಟ್ಟಿಯಲ್ಲಿ ಇಡೀ ಭಾರತಕ್ಕೆ ಇರುವುದು ಅದೊಂದೇ ಹೆಸರು. ಹೆಸರಿನ ಜೊತೆಗೆ ಚರಿತ್ರೆಯೂ ಇರುತ್ತೆ, ಬರೀ ಐದೂವರೆ ಅಂತ ಬರೆದರೆ ಅದು ಇರಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಿಂದ 1945ರವರೆಗೆ, ನಮ್ಮ ಗಡಿಯಾರಗಳು ಯುಟಿಸಿಗಿಂತ ಆರೂವರೆ ಗಂಟೆ ಮುಂದಿದ್ದವು. ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ಕ್ಕೆ. ಅದಕ್ಕೂ ಮೊದಲು ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ಟೈಮಿನಲ್ಲಿ, ಅಂದರೆ ಐದು ಗಂಟೆ ಇಪ್ಪತ್ತೊಂದು ನಿಮಿಷ. ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಮದ್ರಾಸಿಗೇ ಸೇರಿತ್ತು. ಇನ್ನು ಸೂರ್ಯನನ್ನೇ ಕೇಳಿದರೆ ಸತ್ತೇಗಾಲದ ಸ್ವಂತ ಟೈಮು ಸುಮಾರು ಐದು ಗಂಟೆ ಎಂಟು ನಿಮಿಷ. ನಮ್ಮ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ರೇಖಾಂಶದ ಮೇಲೆ. ಆಲೆಮನೆಯಲ್ಲಿ ನೆತ್ತಿಯ ಮೇಲೆ ಹೊತ್ತು ಬರುವಾಗ ಮೊಬೈಲಿನಲ್ಲಿ ಹೆಚ್ಚುಕಮ್ಮಿ ಹನ್ನೆರಡು ಇಪ್ಪತ್ತೆರಡಾಗಿರುತ್ತೆ.

ಇದೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದ ಅಜ್ಜಿ ಕಂಪ್ಯೂಟರಿನ ಪರ ನಿಂತುಬಿಟ್ಟಿತು. “ಮೂಡ್ಲು ಬೆಳ್ಳಗಾಗ್ದೆ ಅದ್ಹೆಂಗೆ ಮಗ ಭಾನುವಾರ ಆದದು? ಮೂರು ಗಂಟೆ ಅಂದ್ರ ಅದಿನ್ನೂ ಶನಿವಾರದ ರಾತ್ರಿ ಅಲ್ವ?” ಪಂಚಾಂಗದ ಲೆಕ್ಕದಲ್ಲಿ ಅಜ್ಜಿ ಹೇಳಿದ್ದೇ ಸರಿ: ವಾರ ಬದಲಾಗುವುದು ಸೂರ್ಯೋದಯಕ್ಕೆ. ಯುಟಿಸಿಯಲ್ಲಿ ದಿನ ತಿರುಗುವುದು ನಮ್ಮ ಐದೂವರೆಗೆ, ಇನ್ನೇನು ಹೊತ್ತು ಹುಟ್ಟುವ ಮುಂಚೆ. ಹಾಗಾಗಿ ಸರ್ವರಿನ ಶನಿವಾರವೂ ಅಜ್ಜಿಯ ಶನಿವಾರವೂ ಹತ್ತಿರ ಹತ್ತಿರ ಒಂದೇ.

ಅಂದಮೇಲೆ ಯಾವ ಲೆಕ್ಕವೂ ಸುಳ್ಳಲ್ಲ. ಅಜ್ಜಿಯದೊಂದು ದಿನ, ಸರ್ವರಿನದೊಂದು ದಿನ, ಕ್ಯಾಲೆಂಡರಿನದೊಂದು ದಿನ. ಬಟವಾಡೆ ಕ್ಯಾಲೆಂಡರಿನ ದಿನಕ್ಕೆ, ಎಣಿಕೆ ಸರ್ವರಿನ ದಿನಕ್ಕೆ ನಡೆದದ್ದರಿಂದ ನಡುವೆ ಕೂಲಿ ಸೋರಿತು. ಮೂರು ದಾರಿ ಸೇರುವ ಕಡೆ ಕೈ ತೋರಿಸುವ ಫಲಕ ಇದ್ದರಲ್ಲವೇ ಅದು ಹ್ಯಾಂಡ್‌ಪೋಸ್ಟ್? ಯಾವ ಲೆಕ್ಕದ್ದು ಅಂತ ಹೇಳದ ಟೈಮು ಬರೀ ಕಂಬ.

ಈ ತಪ್ಪು ಯಾರನ್ನು ಹಿಡಿಯಿತು ಅನ್ನುವುದು ನನ್ನ ತಲೆಯಲ್ಲಿ ಉಳಿದುಕೊಂಡಿದೆ. ಹಗಲು ಪಾಳಿಯವರ ಒಂದು ಕೊಪ್ಪರಿಗೆಯೂ ತಪ್ಪಿಲ್ಲ. ಬೆಂಗಳೂರಿನಲ್ಲೂ ನಾವು ಮಲಗಿದಾಗ ಎದ್ದಿರುವವರಿದ್ದಾರೆ: ಹಾಲಿನ ಗಾಡಿಯವರು, ಹೂವಿನ ಮಂಡಿಯವರು, ರಾತ್ರಿ ಪಾಳಿ ನರ್ಸುಗಳು, ಎರಡು ಗಂಟೆಗೆ ನಮ್ಮ ಬಿರಿಯಾನಿ ತರುವ ಹುಡುಗರು. ಅವರ ಹಾಜರಿಯೂ ಇಂಥದ್ದೇ ಯಾವುದೋ ರಿಪೋರ್ಟಿನಲ್ಲಿ ಕೂಡುತ್ತಿರುತ್ತೆ. ನೀವು ಅಂಥದ್ದನ್ನು ಕಟ್ಟುವವರಾದರೆ ಒಂದು ದಿನ, ಅದೂ ವಾರದ ಅಥವಾ ತಿಂಗಳ ಮೊದಲ ದಿನ, ಬೆಳಗಿನ ಜಾವ ಮೂರು ಗಂಟೆಯ ಒಂದು ಎಂಟ್ರಿ ಹಾಕಿ ನೋಡಿ.

ಮೂಲ ಡೇಟಾ ಹಾಳಾಗದೆ ಉಳಿದಿದ್ದರಿಂದ ಹಳೆಯ ವಾರಗಳನ್ನೆಲ್ಲ ಮತ್ತೆ ಕೂಡಬಹುದಾಯಿತು. ನಲವತ್ತೊಂದು ಭಾನುವಾರ, ಎಪ್ಪತ್ತೊಂಬತ್ತು ಕೊಪ್ಪರಿಗೆ. ಎಂಬತ್ತೆರಡು ಇರಬೇಕಿತ್ತಲ್ಲ ಅಂದೆ. ಅಕ್ಕನೇ ಹೇಳಿದರು, ಮೂರು ವಾರ ಕರೆಂಟಿಲ್ಲದೆ ಆಲೆ ತಡವಾಗಿ ತಿರುಗಿತ್ತು ಅಂತ. ಚಿಕ್ಕಪ್ಪ ಎಲ್ಲರ ಬಾಕಿಯನ್ನೂ ಎರಡು ಕಂತಿನಲ್ಲಿ ಕೊಟ್ಟರು. ಈಗ ರಿಪೋರ್ಟಿನ ತಲೆಯ ಮೇಲೆ ‘ಭಾರತೀಯ ಕಾಲಮಾನ, ರಾತ್ರಿ 12ರಿಂದ ರಾತ್ರಿ 12’ ಅಂತ ಕನ್ನಡದಲ್ಲಿ ಬರೆದಿದೆ. ಶನಿವಾರ ಸಂಜೆ ಅದನ್ನು ಗೋಡೆಯ ಪಕ್ಕ ಹಿಡಿದು ತಾಳೆ ನೋಡಿದ ಮೇಲೆಯೇ ಬಟವಾಡೆ.