ತೇರಗಾಂವದಿಂದ ತವರಿನ ನೀರಿಗೆ

ಉತ್ತರ ಕನ್ನಡ ಜಿಲ್ಲೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಸಮುದ್ರ, ಅಡಿಕೆ ತೋಟ, ಇಲ್ಲವೇ ದಟ್ಟ ಕಾಡು. ಹಳಿಯಾಳ ಸೀಮೆ ಹಾಗಲ್ಲ. ಒಂದು ಕಡೆ ಧಾರವಾಡದ ಬಯಲು, ಇನ್ನೊಂದು ಕಡೆ ದಾಂಡೇಲಿ, ಜೋಯಿಡಾಗಳ ಅರಣ್ಯ. ಎರಡರ ನಡುವೆ ಭತ್ತ, ಕಬ್ಬು, ಗೋವಿನಜೋಳದ ಹೊಲಗಳು. ತೇರಗಾಂವ ಈ ತಾಲೂಕಿನ ಊರು. ಹೆಸರಿನ ಕೊನೆಯ 'ಗಾಂವ' ಮರಾಠಿಯದು. ಇಲ್ಲಿನ ಮುಸ್ಲಿಮರ ಮನೆಮಾತು ಉರ್ದು, ಹೊಲಗದ್ದೆಯಲ್ಲಿ ಮರಾಠಿ, ಶಾಲೆ ಮತ್ತು ಪಂಚಾಯತಿಯಲ್ಲಿ ಕನ್ನಡ. ಒಂದೇ ಮಾತಿನೊಳಗೆ ಮೂರೂ ಭಾಷೆಗಳು ಬಂದು ಹೋಗುವುದನ್ನು ಕೇಳಿ, ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದ ನನಗೆ ಮೊದಮೊದಲು ನಗು ಬರುತ್ತಿತ್ತು. ಈಗ ನಾನೂ ಹಾಗೆಯೇ ಮಾತನಾಡುತ್ತೇನೆ.

ನಮ್ಮ ಕುಟುಂಬದವರು ಕೆಲಸಕ್ಕಾಗಿ ಹುಬ್ಬಳ್ಳಿ, ಬೆಳಗಾವಿ, ಗೋವಾ, ಪುಣೆ ಎಂದು ಚದುರಿ ಹೋಗಿದ್ದಾರೆ. ಎಲ್ಲರೂ ಒಂದೆಡೆ ಸೇರುವುದು ಈದ್‌ನ ಸಮಯದಲ್ಲಿ. ಈದ್ ದಿನ ನಮಾಝ್, ಭೇಟಿ, ಶೀರ್ ಖುರ್ಮಾದಲ್ಲಿ ಕಳೆಯುತ್ತದೆ. ನಿಜವಾದ ಕೂಟ ಮರುದಿನದ ಬಾಸಿ ಈದ್‌ನಂದು. ಅಂದು ಅಂಗಳದಲ್ಲಿ ಒಲೆ ಹೂಡಿ ದೊಡ್ಡ ದೇಗಿನಲ್ಲಿ ಬಿರಿಯಾನಿ ಏರಿಸುತ್ತಾರೆ. ಒಳಗೆ ದಾಲ್ಚಾ ಕುದಿಯುತ್ತಿರುತ್ತದೆ. ಮಕ್ಕಳು ಈದಿಯ ಹಣವನ್ನು ನೂರು ಸಲ ಎಣಿಸುತ್ತಾರೆ. ಹೊಸ ಮದುಮಗಳು ಎಲ್ಲ ಹಿರಿಯರಿಗೆ ಸಲಾಮ್ ಹೇಳುತ್ತಾ, ಯಾರು ಚಾಚಿ, ಯಾರು ಮುಮಾನಿ ಎಂದು ತಿಳಿಯದೆ ಕಂಗಾಲಾಗುತ್ತಾಳೆ. ಯಾರ ಮಗನಿಗೆ ಯಾರ ಮಗಳು ಎಂಬ ಮಾತುಗಳು ಈರುಳ್ಳಿ ಹೆಚ್ಚುವ ಜಾಗದಲ್ಲಿಯೇ ನಿರ್ಧಾರವಾಗುವುದು. ಗಂಡಸರಿಗೆ ಅದು ನಂತರ ತಿಳಿಯುತ್ತದೆ.

ಊಟವಾದ ಮೇಲೆ ಗಂಡಸರು ಮತ್ತು ಹುಡುಗರು ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿಕೊಂಡು ತಿರುಗಾಟಕ್ಕೆ ಹೊರಡುತ್ತಾರೆ. ದಾಂಡೇಲಿಯಲ್ಲಿ ಕಾಳಿ ನದಿ, ಜೋಯಿಡಾದ ಕಡೆ ಕಾನೇರಿ ಹೊಳೆಯ ಬದಿಯ ಸಿಂಥೇರಿ ಬಂಡೆ, ಗಣೇಶಗುಡಿಯ ಸೂಪಾ ಅಣೆಕಟ್ಟು. ದೇಶದ ಮೂಲೆ ಮೂಲೆಗಳಿಂದ ಜನ ಹಣ ಖರ್ಚು ಮಾಡಿ ನೋಡಲು ಬರುವ ಸ್ಥಳಗಳು ನಮಗೆ ಒಂದೇ ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಆದರೆ ನಮಗೆ ಎಂದರೆ ಯಾರಿಗೆ? ಗಾಡಿ ಹೊರಟ ಮೇಲೆ ಹೆಂಗಸರ ಎದುರಿಗೆ ಉಳಿಯುವುದು ದೇಗು ಮತ್ತು ಎಂಜಲು ತಟ್ಟೆಗಳು. ರಾತ್ರಿ ಅವರು ಹಿಂದಿರುಗಿ ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ನಾವು "ಮಾಷಾ ಅಲ್ಲಾಹ್, ಎಷ್ಟು ಚೆಂದ" ಎನ್ನುತ್ತಾ ಅವರಿಗೆ ಮತ್ತೆ ಊಟಕ್ಕೆ ಬಡಿಸುತ್ತೇವೆ.

2025ರಲ್ಲಿ ಈದುಲ್ ಫಿತ್ರ್ ಮಾರ್ಚ್ 31ರಂದು ಬಂದಿತ್ತು. ಬಾಸಿ ಈದ್‌ನ ರಾತ್ರಿ ಹುಡುಗನೊಬ್ಬ ಸೂಪಾ ಅಣೆಕಟ್ಟಿನ ಫೋಟೊ ತೋರಿಸುತ್ತಿದ್ದ. ಮೊಬೈಲ್ ಕೈಯಿಂದ ಕೈಗೆ ಹೋಗಿ ಬಡಿಅಮ್ಮಾನ ಬಳಿ ಬಂತು. ಬಡಿಅಮ್ಮಾ ನಮ್ಮ ಮನೆಯ ಅತಿ ಹಿರಿಯರು, ವಯಸ್ಸು ಎಪ್ಪತ್ತರ ಹತ್ತಿರ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಇದರಲ್ಲಿ ನಮ್ಮ ಮನೆ ಯಾವ ಕಡೆ ಬರುತ್ತದೆ?" ಎಂದು ಕೇಳಿದರು.

ಹುಡುಗನಿಗೆ ಅರ್ಥವಾಗಲಿಲ್ಲ. ಅವನಿಗೆ ಮಾತ್ರವಲ್ಲ, ಕೋಣೆಯಲ್ಲಿದ್ದ ಎಳೆಯರಿಗೆ ಯಾರಿಗೂ ತಿಳಿದಿರಲಿಲ್ಲ. ಬಡಿಅಮ್ಮಾನ ತವರು ಹಳೆಯ ಸೂಪಾ.

ಸೂಪಾ ಎಂಬುದು ಈಗ ಅಣೆಕಟ್ಟಿನ ಹೆಸರು. ಮೊದಲು ಅದೊಂದು ಊರು, ತಾಲೂಕಿನ ಕೇಂದ್ರ. ಕಾಳಿ ಮತ್ತು ಪಾಂಡ್ರಿ ನದಿಗಳು ಕೂಡುವ ಜಾಗದಲ್ಲಿತ್ತು. ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಜಿಲ್ಲೆಯ ಹೊರಗೆ ಎಲ್ಲಿಗೂ ಹೋಗದ ಈ ನದಿ ಇಡೀ ರಾಜ್ಯಕ್ಕೆ ವಿದ್ಯುತ್ ಕೊಡುತ್ತದೆ. ಅದಕ್ಕಾಗಿ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಊರೂ, ಸುತ್ತಲಿನ ಅನೇಕ ಹಳ್ಳಿಗಳೂ ನೀರಿನಡಿ ಹೋದವು. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಮನೆ ಕಳೆದುಕೊಂಡವರಲ್ಲಿ ಬಹಳ ಮಂದಿ ರಾಮನಗರದಲ್ಲಿ ನೆಲೆಸಿದರು. ಬಡಿಅಮ್ಮಾನ ಅಣ್ಣಂದಿರೂ ಅಲ್ಲಿಗೇ ಹೋದರು.

ಅಷ್ಟರಲ್ಲಿ ಬಡಿಅಮ್ಮಾ ಮದುವೆಯಾಗಿ ತೇರಗಾಂವಕ್ಕೆ ಬಂದು ಮಕ್ಕಳ ತಾಯಿಯಾಗಿದ್ದರು. ಹೆಣ್ಣುಮಕ್ಕಳಿಗೆ ತವರು ಎಂದರೇನೆಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ತಂದೆ ತಾಯಿ ಇಲ್ಲವಾದರೂ ಅಂಗಳ ಇರುತ್ತದೆ, ಬಾವಿ ಇರುತ್ತದೆ, ಹಲಸಿನ ಮರ ಇರುತ್ತದೆ. ಇವರಿಗೆ ಅದೂ ಇರಲಿಲ್ಲ. ಮನೆಯ ಗಂಡಸರು ಎಷ್ಟು ಸಲ ಗಣೇಶಗುಡಿಗೆ ಹೋಗಿ ಬಂದಿದ್ದರೋ ಲೆಕ್ಕವಿಲ್ಲ. ಬಡಿಅಮ್ಮಾ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು. ಆ ನೀರನ್ನು ಒಂದು ಸಲವೂ ಕಂಡಿರಲಿಲ್ಲ.

ಅವರನ್ನು ಯಾರೂ ತಡೆದಿರಲಿಲ್ಲ. ಕೇಳಿಯೂ ಇರಲಿಲ್ಲ.

"ನಾಳೆ ನಾವೇ ಹೋಗೋಣ" ಎಂದು ಮೊದಲು ಹೇಳಿದವರು ನಮ್ಮ ಫೂಫು. ಚಾಚಾ ತಲೆಯೆತ್ತಿದರು. "ಇಷ್ಟು ಜನ ಹೆಂಗಸರು ಬಸ್ಸಿನಲ್ಲಿ? ನೋಡಿದವರು ಏನಂದಾರು?"

"ನಾಟಿ ಮಾಡಲಿಕ್ಕೆ ಇದೇ ಹೆಂಗಸರು ಟ್ರ್ಯಾಕ್ಟರಿನಲ್ಲಿ ನಿಂತು ಹೋಗುವಾಗ ಯಾರೂ ಏನೂ ಅನ್ನುವುದಿಲ್ಲವಲ್ಲ ಭಾಯಿಜಾನ್" ಎಂದರು ಫೂಫು.

ಚಾಚಾ ಸಿಟ್ಟಿನ ಮನುಷ್ಯರಲ್ಲ. ಅವರ ಪಾಲಿಗೆ ಅದು ಗೌರವದ ಪ್ರಶ್ನೆ. ಹಾಗಾಗಿ ನಾನು ಮದ್ರಸದಲ್ಲಿ ಹುಡುಗಿಯರಿಗೆ ಹೇಳಿಕೊಡುವ ಒಂದು ಘಟನೆಯನ್ನು ಅವರ ಮುಂದಿಟ್ಟೆ. ಹಝ್ರತ್ ಅನಸ್(ರ)ರಿಂದ ವರದಿಯಾಗಿ ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಅದು. ಪ್ರವಾದಿಯವರ(ಸ) ನೆರೆಯಲ್ಲಿ ಒಬ್ಬ ಪಾರಸಿಯಿದ್ದ. ಸಾರು ಮಾಡುವುದರಲ್ಲಿ ಅವನದು ಒಳ್ಳೆಯ ಕೈ. ಒಂದು ದಿನ ಅಡುಗೆ ಮಾಡಿ ಪ್ರವಾದಿಯವರನ್ನು(ಸ) ಕರೆಯಲು ಬಂದ. ಅವರು ಹಝ್ರತ್ ಆಯಿಶಾ(ರ)ರನ್ನು ತೋರಿಸಿ, ಇವರಿಗೂ ಕರೆಯುಂಟೋ ಎಂದು ವಿಚಾರಿಸಿದರು. ಅವನು ಇಲ್ಲವೆಂದ. ಹಾಗಿದ್ದರೆ ತಾನೂ ಬರುವುದಿಲ್ಲ ಎಂದರು. ಅವನು ಮತ್ತೆ ಕರೆದ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಅವನು ಒಪ್ಪಿಕೊಂಡ ಮೇಲೆ ಇಬ್ಬರೂ ಎದ್ದು ಒಬ್ಬರ ಹಿಂದೆ ಒಬ್ಬರು ಅವನ ಮನೆಗೆ ನಡೆದರು. ಹದೀಸ್ ಅಷ್ಟೇ. ಪತ್ನಿಯನ್ನು ಬಿಟ್ಟು ಒಂದು ಬಟ್ಟಲು ಸಾರಿಗೂ ಹೋಗದವರ ಉಮ್ಮತ್ ನಾವು.

ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಬ್ಬರು ಹುಡುಗರು ಜೊತೆಗಿರಲಿ" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು.

ಬುಧವಾರ ಫಜ್ರ್ ನಮಾಝ್ ಮುಗಿಸಿ ರೊಟ್ಟಿ ಬಡಿದು ಕಟ್ಟಿಕೊಂಡೆವು. ಹನ್ನೊಂದು ಮಂದಿ ಹೆಂಗಸರು, ಮಕ್ಕಳು, ಇಬ್ಬರು ತರುಣರು. ನೆರೆಯೂರಿನ ಒಬ್ಬ ಸಿದ್ದಿ ಸಹೋದರಿಯೂ ಜೊತೆಯಾದರು. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟು, ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರ ಸಂತತಿ ಸಿದ್ದಿಯರು. ಹಳಿಯಾಳ ತಾಲೂಕಿನ ಸಿದ್ದಿಯರಲ್ಲಿ ಬಹಳ ಮಂದಿ ಮುಸ್ಲಿಮರು. ಕರ್ನಾಟಕದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆದರೂ ಪಟ್ಟಣದ ಬಸ್ಸುಗಳಲ್ಲಿ ಅವರನ್ನು ಇನ್ನೂ ಪರದೇಶಿಗಳಂತೆ ದಿಟ್ಟಿಸುವವರಿದ್ದಾರೆ. ಈದ್ ದಿನದಂದು ಮದೀನಾದ ಮಸೀದಿಯಲ್ಲಿ ಹಬಶಿಗಳು ಈಟಿ, ಗುರಾಣಿಗಳ ಆಟವಾಡಿದ್ದು, ಪ್ರವಾದಿಯವರು(ಸ) ಹಝ್ರತ್ ಆಯಿಶಾ(ರ)ರಿಗೆ ಮರೆಯಾಗಿ ನಿಂತು, ಅವರಿಗೆ ಸಾಕೆನಿಸುವವರೆಗೂ ಅದನ್ನು ನೋಡಲು ಬಿಟ್ಟದ್ದು ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚು ಹೇಳಬೇಕಾದ ಸಂಗತಿ.

ಈ ಸಹೋದರಿ ಕೌದಿ ಹೊಲಿಯುವುದರಲ್ಲಿ ಪಳಗಿದವರು. ಸಿದ್ದಿಯರು ಅದನ್ನು ಕವಂದಿ ಎನ್ನುತ್ತಾರೆ. ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡುಗಳನ್ನು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಜೋಡಿಸುತ್ತಾ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೆ ಬಟ್ಟೆ ಮಡಿಸಿ ಮಾಡಿದ ಹೂವಿನಂಥದ್ದನ್ನು ಹೊಲಿಯುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದಂತಲ್ಲ. ಬಡಿಅಮ್ಮಾನ ಹಳೆಯ ಸೀರೆಗಳಿಂದ ಅವರು ಹೊಲಿದುಕೊಟ್ಟ ಕೌದಿಯೇ ಅಂದು ನಮ್ಮ ಚಾಪೆ, ನಮ್ಮ ಮುಸಲ್ಲಾ.

ಹಳಿಯಾಳದಲ್ಲಿ ದಾಂಡೇಲಿಯ ಬಸ್ ಹತ್ತಿದೆವು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಗುತ್ತಿದೆ. ಇದರ ಬಗ್ಗೆ ಗೇಲಿ ಮಾಡುವವರ ಮಾತುಗಳನ್ನು ನಾನೂ ಕೇಳಿದ್ದೇನೆ. ಆದರೆ ಒಂದು ಹಳ್ಳಿಯ ಹೆಣ್ಣು ಎಲ್ಲಿಗಾದರೂ ಹೋಗಬೇಕೆಂದರೆ ಮೊದಲು ಮನೆಯವರ ಮುಂದೆ ಕೈಚಾಚಬೇಕಿತ್ತು; ಆ ಒಂದು ಅಡ್ಡಿ ತಪ್ಪಿತಲ್ಲ. ನಾವೆಲ್ಲ ಆಧಾರ್ ಕಾರ್ಡ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದೆವು. ಹುಡುಗರಿಬ್ಬರು ಮಾತ್ರ ಹಣ ಕೊಟ್ಟರು. ಫೂಫು ಆ ವಿಷಯವನ್ನು ದಾಂಡೇಲಿಯವರೆಗೂ ಹೇಳಿ ಹೇಳಿ ನಕ್ಕರು.

ದಾಂಡೇಲಿ ಕಾಗದ ಕಾರ್ಖಾನೆಯ ಊರು. ಅಲ್ಲಿ ಬಸ್ ಬದಲಾಯಿಸಿ ಮುಂದೆ ಹೋದಂತೆ ಕಾಡು ದಟ್ಟವಾಯಿತು. ಈ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಮಕ್ಕಳು ಕಿಟಕಿಗೆ ಅಂಟಿಕೊಂಡು ಹುಲಿಗಾಗಿ ಕಾದರು. ಕಂಡದ್ದು ಮಂಗ.

ಒಂದು ವಿಷಯವನ್ನು ಇಲ್ಲಿ ಬರೆಯಲೇಬೇಕು. ಹೆಂಗಸರು ಪ್ರವಾಸಕ್ಕೆ ಹಿಂಜರಿಯುವುದಕ್ಕೆ ಎಲ್ಲರೂ ಪರ್ದಾದ ಕಾರಣ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಕಾರಣ ಶೌಚಾಲಯ. ನಮ್ಮಲ್ಲಿ ಹಲವರು ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಫೂಫು ಶವ್ವಾಲ್‌ನ ಉಪವಾಸದಲ್ಲಿದ್ದರು, ಅವರದು ಬೇರೆ. ಉಳಿದವರದು ಭಯ. ದಾಂಡೇಲಿ ಬಸ್ ನಿಲ್ದಾಣದಲ್ಲಿಯೇ ಎಲ್ಲರೂ ಮುಗಿಸಿಕೊಂಡು, ಅಲ್ಲಿಂದ ಮುಂದೆ ಧೈರ್ಯವಾಗಿ ನೀರು ಕುಡಿದೆವು. ಮನೆಮಂದಿಯನ್ನು ಕರೆದೊಯ್ಯುವವರು ಗಾಡಿಯ ಬಾಡಿಗೆಗಿಂತ ಮೊದಲು ಇದನ್ನು ವಿಚಾರಿಸಲಿ.

ಗಣೇಶಗುಡಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರುತ್ತಿತ್ತು. ಅಣೆಕಟ್ಟಿನ ಗೋಡೆ ಎರಡು ಗುಡ್ಡಗಳ ನಡುವೆ ಬೂದು ಬಣ್ಣದ ಬಾಗಿಲು ಹಾಕಿದಂತೆ ಕಾಣುತ್ತಿತ್ತು. ಮೇಲೆ ಹೋಗಿ ಹಿನ್ನೀರು ನೋಡಬೇಕಾದರೆ ಮೊದಲೇ ಅನುಮತಿ ಬೇಕು. ನಮ್ಮಲ್ಲಿ ಅದಿರಲಿಲ್ಲ. ಹುಡುಗರು ಹೋಗಿ ಕೇಳಿಕೊಂಡು ಬಂದರು, ಆಗಲಿಲ್ಲ. ಬಡಿಅಮ್ಮಾ ಗೋಡೆಯನ್ನೇ ನೋಡುತ್ತಾ ನಿಂತರು.

"ಇದರ ಹಿಂದೆಯೇ?"

"ಹೌದು ಬಡಿಅಮ್ಮಾ, ಹಿಂದೆಯೇ."

"ಇಷ್ಟು ಎತ್ತರದ ನೀರೇ? ನಮ್ಮ ಹಲಸಿನ ಮರ ಬಲು ಎತ್ತರ ಅಂದುಕೊಂಡಿದ್ದೆ."

ಅವರು ಅಳುತ್ತಾರೆಂದು ನಾವು ಭಯಪಟ್ಟಿದ್ದೆವು. ಅಳಲಿಲ್ಲ. ಕೆಳಗೆ ಹರಿಯುವ ನದಿಯ ಬಳಿ ಕರೆದುಕೊಂಡು ಹೋಗಿ ಎಂದರು. ಚಹಾದ ಅಂಗಡಿಯ ಹೆಂಗಸು ನಮ್ಮನ್ನು ಕೂಗಿ ನಿಲ್ಲಿಸಿ, ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ, ಮಕ್ಕಳನ್ನು ಇಳಿಸಬೇಡಿ ಎಂದು ಎಚ್ಚರಿಸಿದರು. ಬೇಸಿಗೆಯಲ್ಲಿ ಶಾಂತವಾಗಿ ಕಾಣುವ ಕಾಳಿಯನ್ನು ನಂಬಿ ನೀರಿಗಿಳಿಯುವವರು ಇದನ್ನು ತಿಳಿದಿರಬೇಕು. ದಾಂಡೇಲಿಯ ಹತ್ತಿರವಾದರೆ ಮೊಸಳೆಗಳೂ ಇವೆ.

ದಡದ ಕಲ್ಲಿನ ಮೇಲೆ ಕುಳಿತು ಬಡಿಅಮ್ಮಾ ವುಝೂ ಮಾಡಿದರು. ಹುಡುಗನೊಬ್ಬ ಕೊಡಪಾನದಲ್ಲಿ ನೀರು ತಂದುಕೊಟ್ಟ. ಏಪ್ರಿಲ್‌ನ ಬಿಸಿಲಿನಲ್ಲೂ ಆ ನೀರು ಕೊರೆಯುವಷ್ಟು ತಣ್ಣಗಿತ್ತು. "ಮನೆಯ ಬಾವಿಯ ನೀರೂ ಹೀಗೆಯೇ ಇತ್ತು" ಎಂದರು. ಮರದಡಿ ಕೌದಿ ಹಾಸಿ ಝುಹ್ರ್ ನಮಾಝ್ ನಿರ್ವಹಿಸಿದೆವು. ಬಡಿಅಮ್ಮಾನ ದುಆ ಬಹಳ ಉದ್ದವಾಯಿತು. ಅವರ ತಾಯಿಯ ಕಬರ್ ಸೂಪಾದಲ್ಲಿತ್ತು ಎಂಬುದು ನಮಗೆ ತಿಳಿದದ್ದು ಆನಂತರ, ರೊಟ್ಟಿ ಬಿಚ್ಚಿದಾಗ.

ಹಿಂದಿರುಗುವ ಬಸ್ಸಿನಲ್ಲಿ ಅವರ ಮಾತು ನಿಲ್ಲಲಿಲ್ಲ. ಮನೆಯ ಎಡಗಡೆ ಯಾರಿದ್ದರು, ಬಲಗಡೆ ಯಾರು, ಯಾರ ಮನೆಯ ಮಾವು ಕದಿಯುತ್ತಿದ್ದರು, ಮಳೆಗಾಲದಲ್ಲಿ ಎರಡು ನದಿಗಳ ಸದ್ದಿಗೆ ಮಾತೇ ಕೇಳಿಸದೆ ಹೇಗೆ ಕೈಸನ್ನೆ ಮಾಡುತ್ತಿದ್ದರು. ಪುಣೆಯಿಂದ ಬಂದ ಮೊಮ್ಮಗಳು ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮನೆಗಳನ್ನು ಚೌಕ ಚೌಕವಾಗಿ ಬರೆದು ಹೆಸರು ತುಂಬಿಸುತ್ತಾ ಹೋದಳು. ಹಳಿಯಾಳ ಬರುವಷ್ಟರಲ್ಲಿ ಒಂದು ಓಣಿ ಮುಗಿದು ಇನ್ನೊಂದು ಆರಂಭವಾಗಿತ್ತು. ಒಂದು ಚೌಕ ಮಾತ್ರ ಖಾಲಿ ಉಳಿಯಿತು. ಆ ಮನೆಯವರ ಹೆಸರು ಬಡಿಅಮ್ಮಾನಿಗೆ ನೆನಪಾಗಲಿಲ್ಲ. ರಾಮನಗರದಲ್ಲಿರುವ ತಮ್ಮ ಅತ್ತಿಗೆಗೆ ಅದು ಖಂಡಿತ ಗೊತ್ತಿರುತ್ತದೆ ಎಂದರು.

ಮನೆಗೆ ಬಂದಾಗ ಚಾಚಾ ಜಗಲಿಯಲ್ಲಿದ್ದರು. ಗಂಡಸರೇ ಅನ್ನ, ಸಾರು ಮಾಡಿಟ್ಟಿದ್ದರು. ಅನ್ನ ಸ್ವಲ್ಪ ಹತ್ತಿತ್ತು. ರಾಮನಗರಕ್ಕೆ ಯಾವ ಬಸ್, ಎಷ್ಟು ಹೊತ್ತಿಗೆ ಎಂದು ಬಡಿಅಮ್ಮಾ ಊಟಕ್ಕೆ ಕೂರುವ ಮೊದಲೇ ಕೇಳಿದರು.