ಒಂದು ಚೀಲ ಪುಸ್ತಕ, ಮೂರು ಊರು

ಜನವರಿಯ ಬೆಳಗು. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಮಂಜು ಎಷ್ಟು ದಟ್ಟವೆಂದರೆ ಬಸ್ಸಿನ ಬೋರ್ಡು ಓದಬೇಕಾದರೆ ಅದರ ಮೂತಿಯ ಹತ್ತಿರವೇ ಹೋಗಿ ನಿಲ್ಲಬೇಕು. ನನ್ನ ಹೆಗಲಲ್ಲೊಂದು ಬಟ್ಟೆಚೀಲ, ಅದರಲ್ಲಿ 60 ಪುಸ್ತಕ. 32 ಪುಟ, ಮಕ್ಕಳಿಗೆಂದು ಮೂರು ಕಥೆ, ನಡುವೆ ಎರಡು ಪಿನ್ನು. ಬರೆದವಳೂ ನಾನೇ, ಅಚ್ಚು ಹಾಕಿಸಿದವಳೂ ನಾನೇ, ಮಾರಲು ಹೊರಟವಳೂ ನಾನೇ. ಮಸಿಯ ವಾಸನೆ ಇನ್ನೂ ಹೋಗಿಲ್ಲ. ಸಿದ್ದಾಪುರಕ್ಕೆ ಹೋಗಿ, ಆಮೇಲೆ ಯಲ್ಲಾಪುರಕ್ಕೆ. ಬನ್ನಿ, ಜೊತೆಗಿರಿ.

ಬಸ್ಸಿಗೆ ಹೊತ್ತಿದೆ, ಮಾರಿಗುಡಿಗೆ ಹೋಗಿ ಬರೋಣ. ಒಳಗೆ ಏಳಡಿ ಎತ್ತರದ ಮಾರಿಕಾಂಬೆ. ಎರಡು ವರ್ಷಕ್ಕೊಮ್ಮೆ ಅವಳು ರಥವೇರಿದಾಗ ಈ ಮೂರೂ ತಾಲ್ಲೂಕಿನ ಮಕ್ಕಳು ತೊಟ್ಟಿಲು, ಪೀಪಿ, ಬತ್ತಾಸಿನ ಕನಸು ಹೊತ್ತು ಇಲ್ಲಿ ಬಂದು ಸೇರುತ್ತಾರೆ. ನಾನು ಬಂದದ್ದು ಗೋಡೆ ನೋಡಲು. ಸುಣ್ಣದ ಬಿಳುಪಿನ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ರ, ದೇವರು, ಬಳ್ಳಿ, ಹೂವು. ಇರುವುದು ಎರಡೇ ಬಣ್ಣ, ಆದರೂ ಕಣ್ಣು ತುಂಬುತ್ತದೆ. ನಾಲ್ಕು ಬಣ್ಣದ ಅಚ್ಚಿಗೆ ದುಡ್ಡು ಸಾಲದೆ ಕಂಗಾಲಾಗಿದ್ದ ದಿನ ಇದೇ ಗೋಡೆಯ ಮುಂದೆ ನಿಂತು ತೀರ್ಮಾನ ಮಾಡಿದೆ: ನನ್ನ ಪುಸ್ತಕದ ಚಿತ್ರಗಳೆಲ್ಲ ಕಾವಿ ಕೆಂಪಿನಲ್ಲೇ ಇರಲಿ. ಚೀಲದಿಂದ ಒಂದು ಪ್ರತಿ ತೆಗೆದು ಗೋಡೆಗೆ ಹಿಡಿದು ನೋಡುತ್ತೇನೆ. ಅದೇ ಕೆಂಪು!

ಸಿದ್ದಾಪುರದ ಬಸ್ಸು ತಿರುವು ತಿರುವಿಗೂ ಒಂದೊಂದು ಕಣಿವೆ ಬಿಚ್ಚುತ್ತ ಹೋಗುತ್ತದೆ. ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹೆಂಚಿನ ಮನೆಯಿಂದ ಏಳುವ ನೀಲಿ ಹೊಗೆ. ಗೊನೆ ಕೊಯ್ಯುವ ಕೊನೆಗೌಡನೊಬ್ಬ ಒಂದು ಅಡಕೆ ಮರದ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುವುದು ಕ್ಷಣಮಾತ್ರ ಕಂಡು ಮರೆಯಾಗುತ್ತದೆ. ತೊಡೆಯ ಮೇಲಿನ ಚೀಲ ಭಾರ. ಆಗ ಗಳಗನಾಥರು ನೆನಪಾಗುತ್ತಾರೆ. ಬರೆದ ಕಾದಂಬರಿಗಳ ಗಂಟು ತಾವೇ ಹೊತ್ತು ಊರೂರು ತಿರುಗಿದವರು ಅವರು. ಮಕ್ಕಳಿಗೆ ಪದ್ಯ ಬರೆದ ರಾಜರತ್ನಂ ಕೂಡ ಸ್ವಂತ ಪ್ರಕಾಶನ ಕಟ್ಟಿ ಪುಸ್ತಕ ಹೊತ್ತು ಮಾರಿದರು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಆಯ್ಕೆಗೆ ಸಿಕ್ಕರೆ 300 ಪ್ರತಿ ಒಮ್ಮೆಲೇ ಹೋಗುತ್ತದೆ, ನಿಜ. ಆದರೆ ಪುಸ್ತಕ ತೆರೆದ ಮಗುವಿನ ಮುಖ ನೋಡಬೇಕಾದರೆ ಚೀಲ ಹೊರಲೇಬೇಕು.

ಸಂಜೆ ಸಿದ್ದಾಪುರದ ಆಚೆಯ ಒಂದು ಹಳ್ಳಿ. ಜಗಲಿ ಹತ್ತುವ ಮೊದಲೇ ‘ಆಸ್ರಿಗೆ ಬೇಕಾ ತಂಗಿ?’ ಎಂಬ ಕೇಳಿಕೆ, ಬೆನ್ನಿಗೇ ಆಲೆಮನೆಯಿಂದ ತಂದ ಕಬ್ಬಿನಹಾಲು. ಹಿತ್ತಿಲಲ್ಲಿ ತಾಮ್ರದ ಹಂಡೆಯೊಳಗೆ ಅಡಕೆ ಬೇಯುತ್ತಿದೆ, ಚೊಗರಿನ ಒಗರು ವಾಸನೆ ಮನೆಯನ್ನೆಲ್ಲ ಹಿಡಿದುಕೊಂಡಿದೆ. ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಕೆ ಸುಲಿಯುತ್ತಿದ್ದಾರೆ. ಟಕ್, ಸರ್ರ್, ಟಪ್! ಕಾಯಿ ಕತ್ತಿಗೆ ತಾಗುತ್ತದೆ, ಸಿಪ್ಪೆ ಸೀಳುತ್ತದೆ, ಬೆಟ್ಟೆ ಬುಟ್ಟಿಗೆ ಬೀಳುತ್ತದೆ. ಕೊಯ್ದ ಅಡಕೆಯನ್ನು ಹಸಿ ಆರುವ ಮೊದಲೇ ಸುಲಿದು ಬೇಯಿಸಿದರೇ ಕೆಂಪಡಕೆ. ಹೀಗಾಗಿ ಸುಗ್ಗಿಯಲ್ಲಿ ರಾತ್ರಿಯೂ ಕೆಲಸ. ನಿದ್ದೆ ಓಡಿಸಲು ಕಥೆ ಬೇಕು. ನನ್ನ ಕಥೆಗಳೂ ಹುಟ್ಟಿದ್ದು ಇಂಥ ಚಪ್ಪರದಲ್ಲೇ, ಅಜ್ಜಿಯ ಬಾಯಲ್ಲಿ.

ದೀಪದ ಬುಡದಲ್ಲಿ ಕೂತು ಹುಲಿಯ ಕಥೆ ಓದುತ್ತೇನೆ. ಮಕ್ಕಳು ಸಿಪ್ಪೆಯ ರಾಶಿಯ ಮೇಲೆ ಮಲಗಿ ಕೇಳುತ್ತವೆ. ಮುಗಿಯುವ ಹೊತ್ತಿಗೆ ಹಿರಿಯಜ್ಜಿಯೊಬ್ಬರ ಕತ್ತಿ ನಿಲ್ಲುತ್ತದೆ. ‘ಅಲ್ದನೆ ತಂಗಿ, ಇದು ನಮ್ಮನೆ ಕಥೆ ಅಲ್ದ! ಆದ್ರೆ ಹುಲಿ ಹೆದ್ರತಿತ್ತಿಲ್ಲೆ, ನೆಗ್ಯಾಡ್ತಿತ್ತು.’ ಆಮೇಲೆ ಅವರೇ ಶುರು ಮಾಡುತ್ತಾರೆ. ಹುಲಿ ನಗುವ ಜಾಗ ಬಂದಾಗ ಚಪ್ಪರದ ಅಷ್ಟೂ ಕತ್ತಿಗಳು ಸುಮ್ಮನಾಗುತ್ತವೆ. ಅಜ್ಜಿಯ ಗಂಟಲಾಳದಿಂದ ಬಂದ ಆ ನಗೆಯನ್ನು ಯಾವ ಅಕ್ಷರದಲ್ಲಿ ಬರೆಯಲಿ? ಬೆಳಗಾಗುವಷ್ಟರಲ್ಲಿ 17 ಪ್ರತಿ ಆ ಹಳ್ಳಿಯಲ್ಲೇ ಉಳಿದವು. ಎರಡರ ಬೆಲೆ ದುಡ್ಡಲ್ಲ, ಒಂದು ಡಬ್ಬಿ ಜೋನಿಬೆಲ್ಲ ಮತ್ತು ಬಾಳೆ ಎಲೆಯಲ್ಲಿ ಸುತ್ತಿದ ತೊಡೆದೇವು.

ಮಕ್ಕಳಿಗಾಗಿ ಬರೆಯುವ ತಮ್ಮಣ್ಣ ಬೀಗಾರರೂ ಇದೇ ನೆಲದಿಂದ ಬಂದವರು. ಯಲ್ಲಾಪುರ ತಾಲ್ಲೂಕಿನ ಬೀಗಾರದಲ್ಲಿ ಹುಟ್ಟಿ, ಸಿದ್ದಾಪುರದಲ್ಲಿ ನೆಲೆಸಿ, ಮೇಷ್ಟರಾಗಿ ಮಕ್ಕಳ ನಡುವೆಯೇ ಇದ್ದು ಬರೆದವರು. ಅವರ ‘ಬಾವಲಿ ಗುಹೆ’ಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಆ ಸುದ್ದಿ ಕೇಳಿದ ದಿನ ನಮ್ಮ ಕಪ್ಪೆ, ಬಾವಲಿ, ಹಳ್ಳಕೊಳ್ಳಗಳೆಲ್ಲ ದೆಹಲಿಗೆ ಹೋಗಿ ಬಂದಷ್ಟು ಹಿಗ್ಗಿದ್ದೆ. ಆ ಹಿಗ್ಗಿನಲ್ಲೇ ನನ್ನ ಮೊದಲ ಕಥೆ ಬರೆದದ್ದು.

ಮರುದಿನ ಯಲ್ಲಾಪುರದ ದಾರಿ. ಶಿರಸಿ ದಾಟಿದ ಮೇಲೆ ಸಹಸ್ರಲಿಂಗಕ್ಕೆ ಇಳಿಯದೆ ಹೋಗಲು ಮನಸ್ಸು ಬರುವುದಿಲ್ಲ. ಶಾಲ್ಮಲೆ ಇಳಿದಿದ್ದಾಳೆ. ಬಂಡೆ ಬಂಡೆಯ ಮೇಲೂ ಲಿಂಗ, ಎದುರಿಗೆ ನಂದಿ. ಸೋದೆಯ ಅರಸ ಸದಾಶಿವರಾಯ ಕಡೆಸಿದ್ದೆಂದು ಹೇಳುತ್ತಾರೆ. ಮಳೆಗಾಲದಲ್ಲಿ ನೀರೊಳಗೆ ಮುಳುಗಿದ್ದವು ಈಗ ಬಿಸಿಲಿಗೆ ಬೆನ್ನೊಡ್ಡಿ ಕೂತಿವೆ. ನೀರು ಸವೆಸಿ ಕಿವಿ ಹೋದ ಒಂದು ಪುಟ್ಟ ನಂದಿಯ ಬೆನ್ನು ಸವರುತ್ತೇನೆ, ಕರುವಿನ ಬೆನ್ನಷ್ಟೇ ಬೆಚ್ಚಗೆ.

ಮಂಚಿಕೇರಿ ಕಳೆದಂತೆ ತೋಟ ಕರಗಿ ಕಾಡು ಗಟ್ಟಿಯಾಗುತ್ತದೆ. ಯಲ್ಲಾಪುರದಿಂದ ಒಳಗಿನ ಒಂದು ಪುಟ್ಟ ಶಾಲೆಯಲ್ಲಿ 26 ಮಕ್ಕಳು. ಸಿದ್ದಿಯರ ಮಕ್ಕಳು, ಗೌಳಿಗರ ಮಕ್ಕಳು, ಕುಣಬಿಯರ, ಹವ್ಯಕರ ಮಕ್ಕಳು. ಮನೆಯಲ್ಲಿ ಕೊಂಕಣಿ, ಮರಾಠಿ, ಹವ್ಯಕ ಮಾತಾಡಿ ಬಂದವರು ಇಲ್ಲಿ ಒಂದೇ ಚಾಪೆಯ ಮೇಲೆ ಕನ್ನಡ ಓದುತ್ತಾರೆ. ಮಂಗಟ್ಟೆ ಹಕ್ಕಿಯ ಕಥೆ ತೆರೆಯುತ್ತೇನೆ. ‘ಅಮ್ಮ ಹಣ್ಣು ಹುಡುಕಿ ತಂದಳು’ ಎಂಬ ಸಾಲಿಗೆ ಬಂದಾಗ ಸಿದ್ದಿ ಹುಡುಗಿಯೊಬ್ಬಳು ಎದ್ದು ನಿಲ್ಲುತ್ತಾಳೆ.

‘ಅಕ್ಕೋರೇ, ಅದು ತಪ್ಪು. ಅಮ್ಮ ಹೊರಗೆ ಬರೂದಿಲ್ಲ. ಪೊಟರೆ ಒಳಗೇ ಇರ್ತದೆ. ಅಪ್ಪಾನೇ ಹಣ್ಣು ತರೂದು.’

ತೋರಿಸುತ್ತೀಯಾ ಎಂದೆ. ಮಾಸ್ತರರು ಒಪ್ಪಿದರು, ಶಾಲೆಗೆ ಶಾಲೆಯೇ ಕಾಡಂಚಿಗೆ ಹೊರಟಿತು. ತರಗೆಲೆ ಸದ್ದಾಗದಂತೆ ಹೇಗೆ ನಡೆಯಬೇಕೆಂದು ಅವಳೇ ಕಲಿಸುತ್ತಾಳೆ. ತಾರೆಮರದ ಎತ್ತರದಲ್ಲೊಂದು ಪೊಟರೆ, ಬಾಯಿಗೆಲ್ಲ ಮೆತ್ತಿದ ಗಾರೆ, ನಡುವೆ ಬೆರಳಗಲದ ಸೀಳು. ಕಾಯುತ್ತೇವೆ. ಆಮೇಲೆ ಬರುತ್ತದೆ ಆ ಸದ್ದು. ಹುಸ್... ಹುಸ್... ಹುಸ್... ಹಳೆಯ ಉಗಿಬಂಡಿ ಏದುಸಿರು ಬಿಟ್ಟಂತೆ ರೆಕ್ಕೆ ಬೀಸುತ್ತ ಗಂಡು ಮಂಗಟ್ಟೆ ಬಂದು ಕಾಂಡಕ್ಕೆ ಅಂಟಿ ನಿಲ್ಲುತ್ತದೆ. ಕತ್ತು ಕೊಡವಿ ಗಂಟಲಿನಿಂದ ಅತ್ತಿಹಣ್ಣು ಒಂದೊಂದೇ ಮೇಲೆ ತರುತ್ತದೆ. ಸೀಳಿನಿಂದ ಹಳದಿ ಕೊಕ್ಕಿನ ತುದಿ ಇಣುಕಿ ಹಣ್ಣು ತೆಗೆದುಕೊಳ್ಳುತ್ತದೆ. ಒಂದು, ಎರಡು, ಮೂರು... ಮಕ್ಕಳು ಬೆರಳಲ್ಲೇ ಎಣಿಸುತ್ತಿವೆ. ನನಗೆ ಉಸಿರಾಡುವುದೂ ಮರೆತಿದೆ. ನಲವತ್ತು ವರ್ಷ ಈ ಕಾಡಿನ ಪಕ್ಕದಲ್ಲೇ ಇದ್ದು ಇದನ್ನು ಇಂದು ನೋಡಿದೆ.

ಶಾಲೆಗೆ ಮರಳಿದ ಮೇಲೆ 20 ಪ್ರತಿ ಅಲ್ಲಿಯೇ ಹೋದವು. ಚೀಲದಲ್ಲಿ 23 ಉಳಿದಿವೆ. ಜಗಲಿಯ ಮೇಲೆ ಸುತ್ತ ಕೂತು ಎಲ್ಲವನ್ನೂ ತಿದ್ದಲು ಶುರು ಮಾಡುತ್ತೇವೆ. ನಾನು ‘ಅಮ್ಮ’ನ ಮೇಲೆ ಗೆರೆ ಎಳೆಯಲು ಹೊರಟಾಗ ಹುಡುಗಿ ನನ್ನ ಕೈ ತಡೆಯುತ್ತಾಳೆ. ಪೆನ್ಸಿಲ್ಲು ತೆಗೆದುಕೊಂಡು ಆ ಪದದ ಸುತ್ತ ಒಂದು ಪೊಟರೆ ಬರೆಯುತ್ತಾಳೆ, ನಡುವೆ ಸಣ್ಣದೊಂದು ಸೀಳು ಬಿಡುತ್ತಾಳೆ. ಅದರ ಹೊರಗೆ, ಸೀಳಿಗೆ ತಾಗಿದಂತೆ, ಗುಂಡಗೆ ಬರೆಯುತ್ತಾಳೆ: ಅಪ್ಪ.